ಟ್ರಂಕಿನಲ್ಲಿ ಉಳಿದ ಹಬ್ಬ, ಸಿನಿಮಾ

(ಬಂಗಾರಪೇಟೆಯಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಮನೆ. ಮಾತಾಡುತ್ತಿರುವವರು ಇಬ್ಬರು: ರೈಲ್ವೆ ಪಾರ್ಸಲ್ ಆಫೀಸಿನಲ್ಲಿದ್ದು ನಿವೃತ್ತರಾದ ಸೋದರಮಾವ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಅಕ್ಕನ ಮಗಳು. ನಡುವೆ ಎರಡು ತಗಡಿನ ಟ್ರಂಕು.)

— ಮಾವ, ಆ ಬೆಂಗಳೂರಿನವರು ಮತ್ತೆ ಫೋನ್ ಮಾಡಿದ್ದರು. ಸಿನಿಮಾದ ಟ್ರಂಕು ಪೂರ್ತಿ ತಗೊಳ್ಳುತ್ತಾರಂತೆ. ಹಬ್ಬದ ಸಾಮಾನಿನ ಟ್ರಂಕು ಬೇಡವಂತೆ. ಹಾಡಿನ ಪುಸ್ತಕಗಳಲ್ಲಿ ಕೆಲವಕ್ಕೆ ಮಾತ್ರ ಬೆಲೆ ಇಳಿಸಿದ್ದಾರೆ, ಒಳಗೆಲ್ಲ ಗೀಚಿದ್ದಾರೆ ಅಂತ.

— ಗೀಚಿರೋದು ಯಾವುದು? ‘ಕಿತ್ತೂರು ಚೆನ್ನಮ್ಮ’ನಾ? ಕೊಡು ಇಲ್ಲಿ. ಬಾ, ಬೆಳಕಿಗೆ ಬಾ. ಅಚ್ಚಾಗಿರೋ ಸಾಲಿನ ನೆತ್ತಿ ಮೇಲೆ ಪೆನ್ಸಿಲಿನಲ್ಲಿ ಸಣ್ಣಕ್ಷರ ಇದೆ, ಕಾಣಿಸ್ತಾ? ಅದು ತಮಿಳು ಲಿಪಿ. ಕನ್ನಡ ಓದೋಕೆ ಬಾರದ ಯಾರೋ, ಓದೋಕೆ ಬರೋರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಗೆ ಬಿದ್ದ ಹಾಗೆ ಒಂದೊಂದು ಸಾಲನ್ನೂ ತಮ್ಮ ಅಕ್ಷರದಲ್ಲಿ ಬರಕೊಂಡಿದ್ದಾರೆ. ಮೊದಲನೇ ಹಾಡಿನಲ್ಲಿ ಒಂದು ಸಾಲೂ ಬಿಟ್ಟಿಲ್ಲ. ಎರಡು, ಮೂರಕ್ಕೆ ಬಂದರೆ ಅಲ್ಲೊಂದು ಇಲ್ಲೊಂದು ಪದ ಮಾತ್ರ, ಒತ್ತಕ್ಷರ ಇರೋ ಕಡೆ. ಕೊನೇ ಹಾಡಿಗೆ ಪೆನ್ಸಿಲೇ ತಾಗಿಸಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ಕನ್ನಡ ಓದೋಕೆ ಬಂದಿತ್ತು ಅಂತ ನನ್ನ ನಂಬಿಕೆ.

— ಬೇಜಾರಾಗಿ ಬಿಟ್ಟಿರಬಹುದಲ್ಲ?

— ಬೇಜಾರಾಗಿದ್ದರೆ ಪುಸ್ತಕ ಉಳೀತಿರಲಿಲ್ಲ. ಬೆನ್ನಿನ ಕಡೆ ನೋಡು. ಪಿನ್ನು ತುಕ್ಕು ಹಿಡಿದು ಬಿದ್ದುಹೋದ ಮೇಲೆ ಬಿಳಿ ದಾರದಲ್ಲಿ ಹೊಲಿದಿದ್ದಾರೆ. ಕೆಜಿಎಫ್ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳ ಜನ ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷ್, ತಾಲ್ಲೂಕು ಕಚೇರಿಯಲ್ಲಿ ಕನ್ನಡ, ಹಾಗೆ ಬದುಕಿದವರು. ಆ ಊರು ಹೇಗಿತ್ತು ಅಂತ ಯಾರಾದರೂ ಕೇಳಿದರೆ ಈ ಪುಟಾನೇ ತೋರಿಸಬೇಕು. ಚೊಕ್ಕಟವಾಗಿರೋ ಪ್ರತಿ ಬೇರೆ ಊರಿನಲ್ಲೂ ಸಿಕ್ಕಬಹುದು. ಈ ಪೆನ್ಸಿಲ್ ಬರಹ ಇರೋದು ಇದೊಂದರಲ್ಲೇ. ಬೆಲೆ ಇಳಿಸಿದ್ದು ಎಲ್ಲಿ ಅಂದರೆ, ಬೆಲೆ ಏರಿಸಬೇಕಾದ ಕಡೆ.

— ಬಿ.ಆರ್. ಪಂತುಲು ಅವರದ್ದಲ್ವಾ ಈ ಚಿತ್ರ? ಇದರ ಕೆಳಗೇ ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’ ಪುಸ್ತಕಾನೂ ಇದೆ.

— ಎರಡೂ ಅವರದ್ದೇ. ತಮಿಳಿನದು 1959, ಕನ್ನಡದ್ದು 1961. ಅಲ್ಲಿ ಶಿವಾಜಿ ಗಣೇಶನ್, ಇಲ್ಲಿ ಬಿ. ಸರೋಜಾದೇವಿ. ಎರಡರಲ್ಲೂ ಕಂಪನಿ ಸರ್ಕಾರಕ್ಕೆ ಬಗ್ಗದೆ ನಿಂತವರ ಕಥೆ. ಅದನ್ನ ನೋಡಿದವರು ಯಾರು ಅಂತ ಯೋಚನೆ ಮಾಡು. 1880ರಿಂದ 1956ರವರೆಗೆ ಲಂಡನ್ನಿನ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಗಣಿಗಳಿದ್ದ ಊರಿನ ಜನ. ಕಪ್ಪ ಕೇಳೋ ದೃಶ್ಯ ತೆರೆ ಮೇಲೆ ಬಂದಾಗ ಅವರ ಎದೆಯೊಳಗೆ ಏನಾಗಿರಬೇಕು! ಒಂದೇ ಟ್ರಂಕಿನಲ್ಲಿ ಈ ಎರಡೂ ಒಟ್ಟಿಗೆ ಇರೋದಕ್ಕೆ ಅರ್ಥ ಇದೆ. ಕನ್ನಡದ್ದನ್ನ ಒಬ್ಬ, ತಮಿಳಿನದ್ದನ್ನ ಇನ್ನೊಬ್ಬ ಕೊಂಡುಕೊಂಡು ಹೋದರೆ ಆ ಅರ್ಥ ಅಲ್ಲಿಗೆ ಮುಗೀತು.

— ವರ್ಷ ಇದರ ಮೇಲೆ ಎಲ್ಲೂ ಅಚ್ಚಾಗಿಲ್ಲ. ಸಿನಿಮಾ ಬಂದದ್ದು 1961 ಅಂದರೆ ಪುಸ್ತಕಾನೂ ಆಗಿನದೇ ಅಂತ ಹೇಗೆ ಹೇಳೋದು? ಆಮೇಲೆ ಮತ್ತೆ ಅಚ್ಚು ಹಾಕಿಸಿರಬಹುದಲ್ಲ?

— ಒಳ್ಳೇ ಪ್ರಶ್ನೆ. ಬೆಲೆ ನೋಡು.

— 25 ನ.ಪೈ.

— ನಯಾ ಪೈಸೆ. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1964ರ ಜೂನ್‌ನಲ್ಲಿ ಸರ್ಕಾರ ‘ನಯಾ’ ಅನ್ನೋದನ್ನ ತೆಗೆದುಹಾಕಿ ಬರೀ ಪೈಸೆ ಅಂತ ಮಾಡಿತು. ಆದ್ದರಿಂದ ‘ನ.ಪೈ.’ ಅಂತ ಅಚ್ಚಾಗಿದ್ದರೆ ಆ ಏಳು ವರ್ಷಗಳ ಒಳಗಿನದು ಅಂತ ಬಹುಪಾಲು ಧೈರ್ಯವಾಗಿ ಹೇಳಬಹುದು. ಆಣೆ ಇದ್ದರೆ ಅದಕ್ಕೂ ಮುಂಚಿನದು. ಜನರ ಬಾಯಲ್ಲಿ ನಾಲ್ಕಾಣೆ ಇನ್ನೂ ಎಷ್ಟೋ ವರ್ಷ ಉಳೀತು, ಆದರೆ ಅಚ್ಚಿನಮನೆಯವರು ಸರ್ಕಾರದ ಲೆಕ್ಕವನ್ನೇ ಹಾಕಬೇಕಿತ್ತು. ಇದೇ ಥರ ವಿಳಾಸವನ್ನೂ ಓದಬೇಕು. ‘ಮೈಸೂರು ರಾಜ್ಯ’ ಅಂತ ಇದ್ದರೆ 1973ರ ನವೆಂಬರಿಗಿಂತ ಹಿಂದಿನದು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಆರಂಕಿ ಕಂಡರೆ ಅಲ್ಲಿಂದ ಈಚೆಯದು. ಯಾವ ಪರಿಣತನೂ ಬೇಡ, ಪುಸ್ತಕವೇ ತನ್ನ ವಯಸ್ಸು ಹೇಳುತ್ತೆ.

— ನಾನು ಸ್ಕೂಲಿನಲ್ಲಿದ್ದಾಗ ಇದನ್ನ ಹೇಳಿಕೊಟ್ಟಿದ್ದರೆ ಚರಿತ್ರೆ ಪಾಠ ಇಷ್ಟ ಆಗ್ತಿತ್ತು. ಸರಿ, ಇವು ಥೇಟರಿನಲ್ಲೇ ಮಾರುತ್ತಿದ್ದವಾ?

— ಇಂಟರ್‌ವಲ್‌ನಲ್ಲಿ ಕಡಲೆಕಾಯಿ, ಸೋಡಾ ಮಾರೋ ಹುಡುಗರ ಜೊತೆಗೆ ಇದನ್ನ ಮಾರೋ ಹುಡುಗನೂ ಬರೋನು. ನ್ಯೂಸ್‌ಪ್ರಿಂಟಿನ ನಾಲ್ಕೋ ಎಂಟೋ ಹಾಳೆ, ಮೇಲೆ ಒಂದು ಬಣ್ಣದ ರಕ್ಷಾಪುಟ. ಮೊದಲು ಪಾತ್ರವರ್ಗ, ಆಮೇಲೆ ಕಥಾಸಾರ. ಅರ್ಧ ಕಥೆ ಹೇಳಿ, ನಾಯಕಿ ದೊಡ್ಡ ಕಷ್ಟದಲ್ಲಿರೋ ಜಾಗದಲ್ಲಿ ಸರಿಯಾಗಿ ನಿಲ್ಲಿಸಿ, ಮಿಕ್ಕದ್ದನ್ನ ಬೆಳ್ಳಿತೆರೆ ಮೇಲೆ ನೋಡಿಕೊಳ್ಳಿ ಅನ್ನೋರು. ಅದಾದ ಮೇಲೆ ಹಾಡುಗಳು. ಮನೇಲಿ ಗ್ರಾಮಫೋನ್ ಇಲ್ಲ, ಟೇಪ್ ರೆಕಾರ್ಡರ್ ಅನ್ನೋದು ಇನ್ನೂ ಹುಟ್ಟೇ ಇಲ್ಲ ನಮ್ಮ ಪಾಲಿಗೆ. ರೇಡಿಯೋದಲ್ಲಿ ಬಂದಾಗ ಕೇಳಬೇಕು. ಹಾಡನ್ನ ಮನೆಗೆ ಕರಕೊಂಡು ಬರೋಕೆ ಇದ್ದ ದಾರಿ ಇದೊಂದೇ. ನಿಮ್ಮಮ್ಮ ಹಿಟ್ಟು ಕಲಸೋವಾಗ ಎದುರಿಗೆ ಪುಸ್ತಕ ತೆರೆದಿಟ್ಟುಕೊಳ್ಳೋಳು. ‘ಕಸ್ತೂರಿ ನಿವಾಸ’ದ ಪುಸ್ತಕದಲ್ಲಿ ರಾಗಿ ಹಿಟ್ಟಿನ ಬೆರಳಚ್ಚು ಈಗಲೂ ಇದೆ.

— ಅಮ್ಮನದು? ಎಲ್ಲಿ, ಕೊಡಿ.

— ಅದೂ ಒಂದು ‘ಗೀಚಿದ್ದೇ’ ಅವರ ಲೆಕ್ಕದಲ್ಲಿ.

— ಇದನ್ನಂತೂ ಕೊಡಲ್ಲ ಬಿಡಿ. ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಅಮ್ಮನ್ನ ಕರಕೊಂಡು ಹೋಗಿದ್ದೆ. ಕೊನೆಯಲ್ಲಿ ಎದ್ದೇಳೋಕೇ ಆಗಲಿಲ್ಲ ಅವಳಿಗೆ. ಆದರೆ ಮಾವ, ಅದೇ ಸಿನಿಮಾ ಈಗ ನನ್ನ ಫೋನಿನಲ್ಲೇ ಸಿಗುತ್ತೆ. ಹಾಡು ಬೇಕಾದರೆ ಒಂದು ಕ್ಷಣ ಸಾಕು. ಸಿನಿಮಾನೇ ಕೈಯಲ್ಲಿರೋವಾಗ ಸಿನಿಮಾದ ಕಾಗದ ಯಾಕೆ ಅಂತ ನನ್ನ ಸ್ನೇಹಿತರು ಕೇಳುತ್ತಾರೆ. ನನಗೆ ಉತ್ತರ ಹೇಳೋಕೆ ಬರಲ್ಲ. ಬೇಕು ಅಂತ ಮಾತ್ರ ಅನ್ಸುತ್ತೆ.

— ಎಲ್ಲ ಸಿನಿಮಾನೂ ಫೋನಿನಲ್ಲಿದೆಯಾ? ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ತೋರಿಸು ನೋಡೋಣ. 1934, ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ. ಕೊಲ್ಲಾಪುರಕ್ಕೆ ಹೋಗಿ ತೆಗೆದದ್ದು. ಒಂದು ರೀಲೂ ಉಳಿದಿಲ್ಲ. ಹಿಂದಿಯ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರದು, ಅದೂ ಇಲ್ಲ. ಇವುಗಳ ಬಗ್ಗೆ ನಮಗೇನಾದರೂ ಗೊತ್ತಿದ್ದರೆ ಅದು ಜಾಹೀರಾತು, ಸ್ಟಿಲ್ ಫೋಟೊ, ಇಂಥಾ ಸಣ್ಣ ಪುಸ್ತಕಗಳಿಂದ. ಚಿತ್ರ ಹೋಯಿತು, ಚಿತ್ರದ ಕಾಗದ ಉಳೀತು. ಯಾಕೆ ಗೊತ್ತಾ?

— ಬೆಂಕಿ ಬಿದ್ದು? ಹಳೇ ಫಿಲ್ಮು ಬೇಗ ಹೊತ್ತಿಕೊಳ್ಳುತ್ತೆ ಅಂತ ಕೇಳಿದ್ದೇನೆ.

— ಅದೂ ಒಂದು ಕಾರಣ. 1950ರ ಸುಮಾರಿನವರೆಗೂ ಫಿಲ್ಮು ಅಂದರೆ ನೈಟ್ರೇಟು. ಒಂದು ಕಿಡಿ ಸಾಕು, ನೀರು ಹಾಕಿದರೂ ಆರಲ್ಲ. ಆದರೆ ಇನ್ನೊಂದು ಕಾರಣ ಇದೆ, ಅದು ನಮ್ಮ ಊರಿನವರಿಗೆ ಹೇಳದೇನೇ ಅರ್ಥ ಆಗಬೇಕು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕಪ್ಪಾಗಿ ಕಾಣೋದೆಲ್ಲ ಬೆಳ್ಳಿ. ಸಣ್ಣ ಸಣ್ಣ ಬೆಳ್ಳಿ ಕಣ. ಓಟ ಮುಗಿದ ಪ್ರಿಂಟನ್ನ ಕೆಜಿ ಲೆಕ್ಕದಲ್ಲಿ ಮಾರೋರು, ಕೊಂಡವರು ತೊಳೆದು ಬೆಳ್ಳಿ ತೆಗೆಯೋರು. ಎಷ್ಟೋ ಮುಖಗಳು, ಎಷ್ಟೋ ನಟನೆ ಹಾಗೆ ಕರಗಿಹೋಯಿತು.

— ಸಯನೈಡ್ ದಿಬ್ಬದ ಹಾಗೆ.

— ಅದೇ. ಕಲ್ಲನ್ನ ಪುಡಿಮಾಡಿ, ಸಯನೈಡಿನಲ್ಲಿ ತೊಳೆದು, ಬಂಗಾರವನ್ನ ಬೇರೆ ಮಾಡಿ ತಗೊಂಡು, ಮಣ್ಣನ್ನ ನಮಗೆ ದಿಬ್ಬ ಹಾಕಿ ಕೊಟ್ಟರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿ ಅದು. ನೂರಿಪ್ಪತ್ತು ವರ್ಷ ತೋಡಿದ ಬಂಗಾರದಲ್ಲಿ ತೋಡಿದವನ ಮನೆಗೆ ಬಂದದ್ದು ಸಂಬಳ ಒಂದೇ. 2001ರ ಫೆಬ್ರವರಿ 28ಕ್ಕೆ ಅದೂ ನಿಂತಿತು. ಕರಗಿಸಿ ಮಾರಬಹುದಾದದ್ದು ಯಾವುದೂ ಈ ಊರಿನಲ್ಲಿ ಉಳೀಲಿಲ್ಲ. ಈ ಟ್ರಂಕಿನೊಳಗೆ ಕರಗಿಸೋಕೆ ಏನೂ ಇರಲಿಲ್ಲ, ಅದಕ್ಕೆ ಇದು ಉಳೀತು.

— ಕಾಗದವನ್ನ ರದ್ದಿಗೆ ಹಾಕುತ್ತಿದ್ದರಲ್ಲ ಮಾವ.

— ಹಾಕುತ್ತಿದ್ದರು. ಆ ‘ರಣಧೀರ ಕಂಠೀರವ’ದ ಪುಸ್ತಕ ಕಡಲೆಕಾಯಿ ಪೊಟ್ಟಣ ಆಗೋಕೆ ಹೊರಟಿತ್ತು, ಗಾಡಿಯವನ ಹತ್ತಿರ ಬೇಡಿ ತಂದದ್ದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕೈಯಿಂದ ದುಡ್ಡು ಹಾಕಿ 1960ರಲ್ಲಿ ತೆಗೆದ ಚಿತ್ರ. ನಾಲ್ಕು ಜನ ಕಲಾವಿದರ ಸಾಹಸದ ಕಾಗದದಲ್ಲಿ ಕಡಲೆಕಾಯಿ ಕಟ್ಟೋದು ಅಂದರೆ ನನಗೆ ತಡೀಲಿಲ್ಲ.

— ನೀವು ಪಾರ್ಸಲ್ ಆಫೀಸಿನಲ್ಲಿ ಇದ್ದದ್ದರಿಂದ ಇದೆಲ್ಲ ಕೈಗೆ ಸಿಕ್ಕಿತೇನೋ.

— ಸ್ವಲ್ಪ ಹೌದು. ಗಾಂಧಿನಗರದ ಹಂಚಿಕೆದಾರರು ಕಳಿಸಿದ ರೀಲ್ ಡಬ್ಬಗಳು ಇಲ್ಲಿ ಇಳಿದು ಮಾರಿಕುಪ್ಪಂ ಗಾಡಿಗೆ ಏರಬೇಕಿತ್ತು. 1894ರಲ್ಲಿ ಗಣಿಗೋಸ್ಕರವೇ ಹಾಕಿದ ಲೈನು ಅದು. ಹೋಗೋವಾಗ ಯಂತ್ರದ ಸಾಮಾನು, ಬರೋವಾಗ ಬಂಗಾರ. ನನ್ನ ಕಾಲಕ್ಕೆ ಶುಕ್ರವಾರ ಬಂತು ಅಂದರೆ ಡಬ್ಬ. ತಗಡಿನ ಚೌಕದ ಪೆಟ್ಟಿಗೆ, ಮೇಲೆ ಬಿಳಿ ಬಣ್ಣದಲ್ಲಿ ಚಿತ್ರದ ಹೆಸರು. ಕೂಲಿಯವರು ಅದನ್ನ ಎತ್ತಿಡೋ ರೀತೀನೇ ಬೇರೆ. ಮಿಕ್ಕ ಪಾರ್ಸಲ್ಲನ್ನ ಎಸೆಯೋರು, ಡಬ್ಬವನ್ನ ಎಸೀತಿರಲಿಲ್ಲ. ಹುಡುಗರು ಕಂಬಿ ಆಚೆ ನಿಂತು ಹೆಸರು ಓದಿಕೊಂಡು ಊರೊಳಗೆ ಓಡೋರು. ಡಬ್ಬ ಬರಲಿಲ್ಲ ಅಂದರೆ ಆ ವಾರ ಊರಿಗೆ ಊರೇ ಸಪ್ಪೆ.

— ವಾಲ್‌ಪೋಸ್ಟರ್ ಮಾತ್ರ ಒಂದೂ ಇಲ್ಲ ಟ್ರಂಕಿನಲ್ಲಿ.

— ಗೋಡೆಗೆ ಅಂಟಿಸಿದ್ದನ್ನ ಬಿಡಿಸೋದು ಹೇಗೆ? ಮೈದಾ ಗಂಜಿ, ಹುಳ ಬೀಳದಿರಲಿ ಅಂತ ಚೂರು ಮೈಲುತುತ್ತ. ಒಂದರ ಮೇಲೆ ಒಂದು ಅಂಟಿಸಿ ಅಂಟಿಸಿ ಗೋಡೆ ದಪ್ಪ ಆಗೋದು. ಸಿಕ್ಕಿದ್ದು ಒಂದೇ ಒಂದು, ಅದೂ ಮಳೆಗೆ ನೆಂದು ಹೋಯಿತು. ಅದಿರಲಿ. ಆ ಬೀಡಿ ಡಬ್ಬ ತೆಗಿ. ನಿಧಾನ. ನಿಜವಾದ ಸಿನಿಮಾ ಇರೋದು ಅದರಲ್ಲಿ.

— ಫಿಲ್ಮ್ ತುಂಡುಗಳು! ಇಷ್ಟೊಂದು?

— ರೀಲು ಕಿತ್ತುಹೋದಾಗ ಆಪರೇಟರ್ ಹಾಳಾದ ಭಾಗ ಕತ್ತರಿಸಿ ಅಂಟಿಸೋನು. ಕತ್ತರಿಸಿದ್ದು ಹೇಗೋ ಹುಡುಗರ ಕೈಗೆ ಬರೋದು. ಒಂದಡಿ ಉದ್ದಕ್ಕೆ ಹದಿನಾರು ಚೌಕ. ತೆರೆ ಮೇಲೆ ಸೆಕೆಂಡಿಗೆ ಇಪ್ಪತ್ತನಾಲ್ಕು ಓಡುತ್ತೆ. ಅಂದರೆ ಒಂದಡಿ ಫಿಲ್ಮು ಅಂದರೆ ಮುಕ್ಕಾಲು ಸೆಕೆಂಡೂ ಇಲ್ಲ. ಅಷ್ಟಕ್ಕೆ ನಾವು ಗೋಲಿ, ಬುಗುರಿ ಕೊಟ್ಟು ಬದಲಾಯಿಸಿಕೊಳ್ಳುತ್ತಿದ್ದೆವು. ರಾಜಕುಮಾರ್ ಮುಖ ಇದ್ದರೆ ಒಂದು ಬೆಲೆ, ಬರೀ ಮರಗಿಡ ಇದ್ದರೆ ಇನ್ನೊಂದು. ಇವನ್ನ ನೋಡೋಕೆ ನಾವೇ ಥೇಟರ್ ಕಟ್ಟಿಕೊಳ್ಳುತ್ತಿದ್ದೆವು.

— ಅದು ಹೇಗೆ?

— ಸುಟ್ಟುಹೋದ ಬಲ್ಬು. ಗಣಿ ಊರಿಗೆ ಕರೆಂಟು 1902ಕ್ಕೇ ಬಂದಿತ್ತು, ಶಿವನಸಮುದ್ರದಿಂದ. ಬೆಂಗಳೂರಿಗೆ ದೀಪ ಬಂದದ್ದು 1905ಕ್ಕೆ. ಆದ್ದರಿಂದ ಸುಟ್ಟ ಬಲ್ಬಿಗೆ ನಮಗೆ ಬರ ಇರಲಿಲ್ಲ. ಹಿಂಭಾಗದ ಅರಗನ್ನ ಮೊಳೆಯಿಂದ ಮೆಲ್ಲಗೆ ಕುಟ್ಟಿ, ಒಳಗಿನ ತಂತಿ ತೆಗೆದು, ನೀರು ತುಂಬಬೇಕು. ಅದೇ ಲೆನ್ಸು. ಕೋಣೆ ಬಾಗಿಲು ಹಾಕಿ, ಸಂದಿಗೆ ಗೋಣಿ ತುರುಕಬೇಕು. ಹೊರಗೆ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನ ಕಿಟಕಿಯ ಒಂದು ತೂತಿನಿಂದ ಒಳಕ್ಕೆ ಬಿಡೋನು. ಒಳಗೆ ಒಬ್ಬ ಫಿಲ್ಮನ್ನ ತಲೆಕೆಳಗು ಮಾಡಿ ಹಿಡಿಯೋನು, ಯಾಕಂದರೆ ನೀರಿನ ಲೆನ್ಸು ಎಲ್ಲಾನೂ ಮಗುಚಿ ಹಾಕುತ್ತೆ. ಎದುರಿಗೆ ಅಪ್ಪನ ಪಂಚೆ. ಬಿಸಿಲು ಸರಿದ ಹಾಗೆ ಕನ್ನಡಿಯವನು ಕೂಗಿಕೊಳ್ಳೋನು, ನಾವು ಬೇರೆ ಕಡೆಗೆ ಜರುಗಬೇಕು. ಅಲುಗಾಡದ ಒಂದು ಚಿತ್ರ, ಮಾತಿಲ್ಲ, ಕುಣಿತ ಇಲ್ಲ. ಮಾತೆಲ್ಲ ನಾವೇ ಹೇಳೋದು. ನಿಮ್ಮಮ್ಮ ಹೆಂಗಸರ ಪಾತ್ರಕ್ಕೆಲ್ಲ ದನಿ ಕೊಡೋಳು.

— ಅಮ್ಮ ಒಂದು ದಿನಾನೂ ಹೇಳಲಿಲ್ಲವಲ್ಲ ಇದನ್ನ! ಈ ತುಂಡು ಸ್ವಲ್ಪ ಹುಳಿ ವಾಸನೆ ಬರ್ತಾ ಇದೆ.

— ಬೇರೆ ಇಡು ಅದನ್ನ. ಆಮೇಲೆ ಬಂದ ಅಸಿಟೇಟ್ ಫಿಲ್ಮು ಕೆಟ್ಟಾಗ ವಿನಿಗರ್ ವಾಸನೆ ಹೊಡೆಯುತ್ತೆ, ಪಕ್ಕದ್ದನ್ನೂ ಕೆಡಿಸುತ್ತೆ. ಬೀಡಿ ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಬಾರದು, ಗಾಳಿ ಆಡಬೇಕು.

— ಸರಿ, ಇನ್ನು ಈ ಟ್ರಂಕು. ಅವರು ಬೇಡ ಅಂದದ್ದು.

— ಹತ್ತಿ ತೆಗೆದು ನೋಡು. ಬೆರಳಿನಲ್ಲಿ ಒತ್ತಬೇಡ, ಕೆಳಗಿಂದ ಅಂಗೈ ಕೊಡು.

— ಹಕ್ಕಿ! ಇಷ್ಟು ಹಗುರಾನಾ? ಏನೂ ಇಟ್ಟ ಹಾಗೇ ಇಲ್ಲ ಕೈ ಮೇಲೆ. ಬಾಲ ಏನಿದು, ರೇಷ್ಮೆಯಾ?

— ಗಾಜು. ಗಾಜನ್ನ ಕಾಯಿಸಿ ಕೂದಲಿನ ಹಾಗೆ ಎಳೆ ತೆಗೆದು ಬಾಲ ಮಾಡಿದ್ದಾರೆ. ಕಾಲಿಲ್ಲ, ಅದರ ಬದಲು ತಗಡಿನ ಕ್ಲಿಪ್ಪು. ಕ್ರಿಸ್‌ಮಸ್ ಮರದ ಕೊಂಬೆಗೆ ಸಿಕ್ಕಿಸೋದು. ಜರ್ಮನಿಯಲ್ಲಿ ಲೌಷಾ ಅಂತ ಒಂದು ಬೆಟ್ಟದ ಹಳ್ಳಿ. ಮನೆ ಮನೆಯಲ್ಲೂ ಗಾಜು ಊದೋರು. ಅಪ್ಪ ಊದಿದರೆ ಅಮ್ಮ ಒಳಗೆ ಬೆಳ್ಳಿ ನೀರು ಹಾಕಿ ಅಲ್ಲಾಡಿಸೋಳು, ಮಕ್ಕಳು ಬಣ್ಣ ಹಚ್ಚೋರು. 1840ರ ದಶಕದಿಂದ ಶುರುವಾದ ಕಸುಬು. ಇಂಥಾ ನೂಲಿನ ಬಾಲದ ಹಕ್ಕಿ ಅಲ್ಲಿನವರ ಕೈ ಗುರುತು.

— ಒಳಗಿರೋದು ಬೆಳ್ಳಿನೇ?

— ಬೆಳ್ಳಿನೇ. ಸಿಲ್ವರ್ ನೈಟ್ರೇಟು. ಹೊಟ್ಟೆ ಹತ್ತಿರ ಚಕ್ಕೆ ಚಕ್ಕೆಯಾಗಿ ಎದ್ದು ಕಪ್ಪಾಗಿದೆಯಲ್ಲ, ತೇವ ಒಳಗೆ ಹೋಗಿ ಹಾಗಾಗಿರೋದು. ಮುಂದೆ ಅಮೆರಿಕದಲ್ಲಿ ಕಾರ್ನಿಂಗ್ ಕಂಪನಿ ಬಲ್ಬು ಮಾಡೋ ಯಂತ್ರದಲ್ಲೇ 1939ರಿಂದ ಈ ಗುಂಡುಗಳನ್ನ ಮಾಡೋಕೆ ಶುರುಮಾಡಿತು. ಎರಡನೇ ಮಹಾಯುದ್ಧ ಬಂದಾಗ ಬೆಳ್ಳಿ, ತಗಡು ಎರಡಕ್ಕೂ ತತ್ವಾರ. ಒಳಗೆ ಬೆಳ್ಳಿ ಇಲ್ಲದ ಬರೀ ಗಾಜಿನ ಗುಂಡು, ಮೇಲೆ ಬಣ್ಣದ ಪಟ್ಟಿ, ಕೊಕ್ಕೆಗೆ ರಟ್ಟಿನ ಟೋಪಿ. ಅಂಥದ್ದು ಸಿಕ್ಕಿದರೆ ಯುದ್ಧಕಾಲದ್ದು ಅಂತ ಕಣ್ಣುಮುಚ್ಚಿ ಹೇಳೋರಿದ್ದಾರೆ. ನಯಾ ಪೈಸೆ ಥರಾನೇ.

— ಇಲ್ಲಿಗೆ ಹೇಗೆ ಬಂತು ಹಕ್ಕಿ?

— ಊರಿಗಾಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಬಂಗಲೆಗಳು, ಆಂಗ್ಲೊ-ಇಂಡಿಯನ್ ಮನೆಗಳು. ಅವರಲ್ಲಿ ಬಹಳ ಜನ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಹಡಗಿಗೆ ಎಷ್ಟು ಸಾಮಾನು ಅಂತ ಹಾಕೋದು? ಪಿಯಾನೊ, ಕುರ್ಚಿ ಕೊಳ್ಳೋಕೆ ಜನ ಇದ್ದರು. ಇಂಥಾ ರಟ್ಟಿನ ಡಬ್ಬವನ್ನ ಪಕ್ಕದ ಮನೆಗೋ ಆಯಾಗೋ ಕೊಟ್ಟು ಹೋದರು. ಇದು ರಾಬರ್ಟ್‌ಸನ್‌ಪೇಟೆಯ ಒಂದು ಮನೆಯಲ್ಲಿ ಹತ್ತಾರು ವರ್ಷ ಇತ್ತು. ಆ ಮನೆಯವರು ಡಿಸೆಂಬರಿನಲ್ಲಿ ಗೋದಲಿ ಕಟ್ಟೋವಾಗ ಈ ಹಕ್ಕಿಯನ್ನ ಸವುಕಿನ ಕೊಂಬೆಗೆ ಸಿಕ್ಕಿಸೋರು. ಹನ್ನೊಂದು ತಿಂಗಳು ಹತ್ತಿಯಲ್ಲಿ ಮಲಗಿ, ಎರಡು ವಾರ ಹೊರಗೆ. ನಮ್ಮಲ್ಲಿ ದಸರಾಕ್ಕೆ ಪಟ್ಟದ ಗೊಂಬೆ ಇಳಿಸೋರಲ್ಲ, ಅಲ್ಲೂ ಅದೇ ಶ್ರದ್ಧೆ. ಹಬ್ಬದ ದಿನ ಡಬ್ಬ ತೆಗೆದಾಗ ಮನೆ ಮಕ್ಕಳೆಲ್ಲ ಸುತ್ತ ಕೂರಬೇಕು, ಮುರಿದದ್ದು ಯಾವುದು ಅಂತ ನೋಡಬೇಕು, ಹೋದ ವರ್ಷ ಯಾರಿದ್ದರು, ಈ ವರ್ಷ ಯಾರಿಲ್ಲ ಅಂತ ಮಾತು ಬರಬೇಕು. ದಿನಾ ಶೋಕೇಸಿನಲ್ಲಿ ಕಾಣೋ ವಸ್ತುವಿಗೆ ಆ ಶಕ್ತಿ ಬರೋದೇ ಇಲ್ಲ.

— ಅವರು ಇದು ಬೇಡ ಅಂದದ್ದಕ್ಕೆ ಕಾರಣ ಇದೆ ಮಾವ. ಅವರು ಕೂಡಿಸೋದು ಸಿನಿಮಾ ಮಾತ್ರ. ಹಬ್ಬದ್ದು ಬೇರೆ ವಿಷಯ.

— ಬೇರೆನಾ? ಆ ಕವರಿನಲ್ಲಿರೋ ಕಾರ್ಡುಗಳನ್ನ ಹರಡು.

— ಸಂಕ್ರಾಂತಿ ಶುಭಾಶಯ... ಇದು ತಮಿಳಿನ ಪೊಂಗಲ್ ಕಾರ್ಡು, ಎಂಜಿಆರ್ ಚಿತ್ರ! ಇದರಲ್ಲಿ ಶಿವಾಜಿ. ಇದು ರಾಜಕುಮಾರ್, ಕೆಳಗೆ ಕಬ್ಬು, ಮಡಕೆ. ಇದು ದೀಪಾವಳಿ ಪಟಾಕಿ ಪೊಟ್ಟಣದ ಲೇಬಲ್, ಯಾರೋ ನಟಿ.

— ಶಿವಕಾಶಿಯ ಅಚ್ಚು. ಬೆಂಕಿಪೆಟ್ಟಿಗೆಗೆ, ಪಟಾಕಿಗೆ ಲೇಬಲ್ ಬೇಕು ಅಂತ ಅಲ್ಲಿ ಅಚ್ಚಿನಮನೆಗಳು ಬೆಳೆದವು. ಆಮೇಲೆ ಕ್ಯಾಲೆಂಡರ್, ಶುಭಾಶಯ ಪತ್ರ ಎಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚೆ ರಸ್ತೆ ಬದಿ ಹಗ್ಗ ಕಟ್ಟಿ ಕಾರ್ಡು ತೂಗುಹಾಕೋರು. ಒಂದು ಸಾಲು ಲಕ್ಷ್ಮಿ, ಮುರುಗ, ಬಾಲ ಯೇಸು. ಇನ್ನೊಂದು ಸಾಲು ನಟ ನಟಿಯರು. ಯಾರಿಗೆ ಯಾರ ಚಿತ್ರ ಕಳಿಸಬೇಕು ಅನ್ನೋದು ದೊಡ್ಡ ಲೆಕ್ಕಾಚಾರ. ಎಂಜಿಆರ್ ಭಕ್ತನಿಗೆ ಶಿವಾಜಿ ಕಾರ್ಡು ಹೋದರೆ ಸ್ನೇಹಕ್ಕೇ ಕುತ್ತು. ಹೊಸ ಚಿತ್ರ ಬರೋದು ಹಬ್ಬಕ್ಕೆ, ಹೊಸ ಬಟ್ಟೆ ಹಾಕಿಕೊಂಡು ಹೋಗೋದು ಸಿನಿಮಾಕ್ಕೆ. ಗಣಿ ಕೆಲಸದವನಿಗೆ ನೆಲದ ಮೇಲಿನ ಹಗಲು ಪೂರ್ತಿ ಸಿಗುತ್ತಿದ್ದದ್ದೇ ರಜೆ ದಿನ. ಆ ದಿನಕ್ಕೆ ಅವನು ಎರಡು ವಸ್ತು ಇಟ್ಟುಕೊಂಡಿದ್ದ, ಹಬ್ಬ ಮತ್ತು ಸಿನಿಮಾ. ನೀನು ಉತ್ತರ ಸಿಗಲಿಲ್ಲ ಅಂದೆಯಲ್ಲ, ನಾನು ಹೇಳೋದು ಇದು. ಸಿನಿಮಾ ಫೋನಿಗೆ ಬಂದಿದೆ. ಸಿನಿಮಾಕ್ಕೆ ಕಾದದ್ದು ಬಂದಿಲ್ಲ. ಅದು ಈ ಕಾಗದದಲ್ಲೇ ಇದೆ, ಈ ಹತ್ತಿಯಲ್ಲೇ ಇದೆ. ಎರಡು ಟ್ರಂಕನ್ನ ಬೇರೆ ಮಾಡಿದರೆ ಸಿನಿಮಾ ಪ್ರೇಮಿಗೆ ಚಿತ್ರ ಸಿಗುತ್ತೆ, ಕೆಜಿಎಫ್ ಸಿಗಲ್ಲ.

— ಕೆಜಿಎಫ್ ಅಂದಕೂಡಲೇ ಈಗ ಎಲ್ಲರಿಗೂ ಯಶ್ ಸಿನಿಮಾನೇ ನೆನಪಾಗುತ್ತೆ. 2018ರ ಡಿಸೆಂಬರ್ 21, ಕ್ರಿಸ್‌ಮಸ್ ವಾರ. ಮೊದಲ ದಿನ ಮೊದಲ ಷೋ ನೋಡಿದ್ದೆ. ನಮ್ಮ ಸಯನೈಡ್ ದಿಬ್ಬ ಅಷ್ಟು ದೊಡ್ಡದಾಗಿ ತೆರೆ ಮೇಲೆ ಬಂದಾಗ ನಾನೂ ಶಿಳ್ಳೆ ಹೊಡೆದೆ. ಆ ಕಥೆ ಕಲ್ಪನೆ, ನಮ್ಮ ತಾತಂದಿರ ಕಥೆ ಅಲ್ಲ, ಗೊತ್ತು. ಆದರೂ ಮೈ ಜುಮ್ಮೆಂದಿತು. ಈಗ ಯೋಚನೆ ಮಾಡಿದರೆ ಆ ದಿನದ್ದು ನನ್ನ ಹತ್ತಿರ ಒಂದು ಟಿಕೆಟ್ ಚೂರೂ ಇಲ್ಲ. ಫೋನಿಗೆ ಮೆಸೇಜ್ ಬಂದಿತ್ತು, ಆ ಫೋನೂ ಈಗಿಲ್ಲ.

— ನಿನ್ನ ಶಿಳ್ಳೆಗೆ ಸಾಕ್ಷಿ ಇಲ್ಲ ಹಾಗಾದರೆ.

— ಇಲ್ಲ. ಅದಕ್ಕೇ ನಾನು ಕಟುವಾಗಿ ಒಂದು ಮಾತು ಹೇಳಲೇಬೇಕು. ನೀವು ಇಟ್ಟುಕೊಂಡಿದ್ದೀರಿ, ಸರಿ. ನಿಮ್ಮ ನಂತರ? ಗೆದ್ದಲು ಇದೆ, ಆಷಾಢದ ಗಾಳಿಗೆ ದಿಬ್ಬದ ಪುಡಿ ಟ್ರಂಕಿನೊಳಗೂ ನುಗ್ಗುತ್ತೆ. ಕೊಂಡುಕೊಳ್ಳೋರನ್ನ ಬೈದು ಪ್ರಯೋಜನ ಇಲ್ಲ. ಪುಣೆಯಲ್ಲಿ 1964ರಲ್ಲಿ ಶುರುವಾದ ಫಿಲ್ಮ್ ಆರ್ಕೈವ್ಸನ್ನ ಕಟ್ಟಿದ ಪಿ.ಕೆ. ನಾಯರ್ ಊರೂರು ಅಲೆದು ಕೂಡಿಸದಿದ್ದರೆ ಫಾಲ್ಕೆ ಚಿತ್ರಗಳ ಚೂರೂ ನಮಗೆ ಸಿಗುತ್ತಿರಲಿಲ್ಲ. ಅವರೂ ಬೇರೆಯವರ ಮನೆಯಿಂದಲೇ ತಂದದ್ದು. ಊರಿನದು ಊರಿನಲ್ಲೇ ಇರಲಿ ಅಂತ ಹಟ ಹಿಡಿದು, ಊರಿನಲ್ಲೇ ಹುಳ ತಿಂದರೆ ಯಾರಿಗೆ ಸಾರ್ಥಕ?

— ನಾಯರ್ ತಂದರು, ತಂದು ಎಲ್ಲರಿಗೂ ತೆರೆದಿಟ್ಟರು. ಎಲ್ಲಿಂದ ತಂದೆ ಅಂತ ಹೇಳಿದರು. ನನ್ನ ಭಯ ಒಂದೇ, ಎಲ್ಲಿಂದ ಬಂತು ಅನ್ನೋದು ಅಳಿಸಿಹೋಗೋದು. ಫ್ರೇಮ್ ಹಾಕಿಸಿ ಹೋಟೆಲ್ ಗೋಡೆಗೆ ತಗುಲಿಸಿದರೆ ಇದು ಅಲಂಕಾರ. ಲ್ಯಾಮಿನೇಷನ್ ಮಾಡಿಸಿದರೆ ಇನ್ನೂ ಕೆಟ್ಟದ್ದು. ಒಳಗಿನ ಹುಳಿ ಒಳಗೇ ಉಳಿದು ಕಾಗದ ಬೆಂದುಹೋಗುತ್ತೆ, ಪ್ಲಾಸ್ಟಿಕ್ ಬಿಡಿಸೋಕೂ ಆಗಲ್ಲ.

— ಹಾಗಾದರೆ ಮೊದಲ ಕೆಲಸ ಚೀಟಿ. ಒಂದೊಂದು ವಸ್ತುವಿಗೂ ಒಂದು ಚೀಟಿ ಬರೆಯೋಣ: ಎಲ್ಲಿ ಸಿಕ್ಕಿತು, ಯಾರ ಮನೆಯದು, ಯಾವ ಕಾಲದ್ದು, ಹೇಗೆ ಗೊತ್ತು. ನೀವು ಹೇಳಿ, ನಾನು ಬರೀತೀನಿ. ಪೆನ್ನಿನಲ್ಲಿ ಬರೆದು ವಸ್ತುವಿಗೆ ಅಂಟಿಸೋದು ಬೇಡ. ಬೇರೆ ಕಾಗದದಲ್ಲಿ, ಪೆನ್ಸಿಲಿನಲ್ಲಿ, ಜೊತೆಗೆ ಇಡೋಣ. ಆಮೇಲೆ ಎಲ್ಲಾನೂ ಸ್ಕ್ಯಾನ್ ಮಾಡುತ್ತೇನೆ, ಹಿಂದಿನ ಪುಟ, ಖಾಲಿ ಪುಟ, ಕಲೆ ಸಮೇತ. ಹಾಡಿನ ಪುಸ್ತಕಗಳಲ್ಲಿ ಎಷ್ಟೋ ಎರಡೆರಡು ಪ್ರತಿ ಇವೆ. ಅವುಗಳಲ್ಲಿ ಚೊಕ್ಕಟ ಇರೋದನ್ನ ಅವರಿಗೆ ಕೊಡಬಹುದು.

— ಚೀಟಿ ಸಮೇತ ತಗೋಬೇಕು, ಮುಂದೆ ಯಾರಿಗೆ ಕೊಟ್ಟರೂ ಚೀಟಿ ಜೊತೆಗೇ ಹೋಗಬೇಕು ಅಂತ ಮೊದಲೇ ಹೇಳು. ಒಪ್ಪಿದರೆ ಕೊಡೋಣ. ಬಂದ ದುಡ್ಡಿನಲ್ಲಿ ಒಳ್ಳೇ ಕಾಗದದ ಲಕೋಟೆ ತಗೊಂಡು ಬಾ, ಪ್ಲಾಸ್ಟಿಕ್ ಕವರ್ ಬೇಡ.

— ಹಬ್ಬದ ಟ್ರಂಕಿನ ಚೀಟಿಗೆ ಮಾತ್ರ ನಿಮಗೂ ಎಲ್ಲ ಗೊತ್ತಿಲ್ಲ. ಈ ಕ್ರಿಸ್‌ಮಸ್ ಕಾರ್ಡಿನ ಹಿಂದೆ ಊರಿಗಾಂ ಅಂಚೆ ಮುದ್ರೆ ಇದೆ, ಹೆಸರಿನ ಬದಲು ಬರೀ ‘ಅತ್ತೆಗೆ, ಹುಡುಗರಿಂದ’ ಅಂತ ಇಂಗ್ಲಿಷಿನಲ್ಲಿ.

— ಅದನ್ನ ಹೇಳಬಲ್ಲವರು ಆ ಕಡೆ ಇನ್ನೂ ಕೆಲವರಿದ್ದಾರೆ. ಕೈಬರಹ ನೋಡಿಯೇ ಹೇಳಿಬಿಡುತ್ತಾರೆ. ಡಿಸೆಂಬರಿನಲ್ಲಿ ರಜೆ ಹಾಕಿಕೊಂಡು ಬಾ, ಹೋಗೋಣ.

— ಡಿಸೆಂಬರಿನವರೆಗೂ ಯಾಕೆ? ಅವರಿಗೆಲ್ಲ ಎಷ್ಟು ವಯಸ್ಸಾಗಿರಬೇಕು ಈಗ! ನಾಳೆ ಭಾನುವಾರ. ಬೆಳಗ್ಗೆ ಮಾರಿಕುಪ್ಪಂ ಗಾಡಿ ಎಷ್ಟೊತ್ತಿಗೆ ಹೇಳಿ, ಕಾರ್ಡುಗಳನ್ನ ಈಗಲೇ ಬೇರೆ ಮಾಡಿ ಇಡುತ್ತೇನೆ.